ಬೀಗರು ತುತ್ತು ನಿಲ್ಲಿಸಿದ ಮಧ್ಯಾಹ್ನ

ದೊಡ್ಡವ್ವನ ಹಾಡುಗಳನ್ನು ತಮ್ಮವು ಎಂದು ಒಪ್ಪಿಕೊಂಡವರು ಯಾರೂ ಇರಲಿಲ್ಲ. ಕಾಶಿಯ ಶಿವಾಲದ ಗಲ್ಲಿಯ ಹೆಂಗಸರು ಅವನ್ನು 'ದಕ್ಖಿನ್‌ವಾಲಿ ಗೀತ್', ದಕ್ಷಿಣದವರ ಹಾಡು, ಎನ್ನುತ್ತಿದ್ದರು. ಊರಿನಿಂದ ಯಾತ್ರೆಗೆ ಬಂದು ಮಠದಲ್ಲಿ ಇಳಿದುಕೊಂಡ ಕನ್ನಡದವರು ಒಂದೆರಡು ಸಾಲು ಕೇಳಿ, 'ಏನೋ ಕಾಶಿ ಕಡೀದು ಹಾಡಾಕತ್ತಾರ' ಎಂದು ತಮ್ಮ ಗಂಟುಮೂಟೆ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಇಬ್ಬರೂ ಸರಿಯಾಗಿದ್ದರೆ ಹಾಡು ಯಾರದ್ದೂ ಅಲ್ಲ ಎಂದಾಗುತ್ತದೆ. ಹಾಗಾಗುವುದು ಸಾಧ್ಯವಿಲ್ಲ ಎಂದು ನಾನು ಬಹಳ ದಿನ ವಾದಿಸುತ್ತಿದ್ದೆ.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ. ಗದಗಿನ ಕಡೆಯ ಊರು. ಮಠದ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದವರನ್ನು ಮದುವೆಯಾಗಿ, ಇನ್ನೂ ಸೀರೆ ಉಡಲು ಸರಿಯಾಗಿ ಬಾರದ ವಯಸ್ಸಿನಲ್ಲಿ ಕಾಶಿಗೆ ಬಂದವಳು. ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೂ ಶಿವಾಲದ ಅದೇ ಎರಡು ಕೋಣೆಗಳಲ್ಲಿ ಉಳಿದಳು. ನಮ್ಮದು ವಿಶ್ವವಿದ್ಯಾಲಯದ ಕ್ವಾರ್ಟರ್ಸ್. ಅಪ್ಪ ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅಕ್ಕ ಮತ್ತು ನಾನು ಹುಟ್ಟಿದ್ದೇ ಇಲ್ಲಿ. ಹಿಂದಿಯಲ್ಲಿ ಜಗಳವಾಡಿ, ಕನ್ನಡದಲ್ಲಿ ಬೈಸಿಕೊಂಡು ಬೆಳೆದವರು ನಾವು. ಅದರಲ್ಲೂ ಅಕ್ಕ ಅರ್ಧಕ್ಕರ್ಧ ದೊಡ್ಡವ್ವನ ಮಗಳು. ಶಾಲೆ ಇಲ್ಲದ ದಿನವೆಲ್ಲ ಶಿವಾಲದಲ್ಲೇ ಇರುತ್ತಿದ್ದಳು.

ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದೇ ಮಾತನ್ನು ತಲೆಗೆ ತುಂಬಿದ್ದರು: ಎದುರಾಳಿ ಏನಾದರೂ ಹೇಳಿದ ಕೂಡಲೇ ಉತ್ತರ ಕೊಡಬೇಡ, ಆ ಶಬ್ದಕ್ಕೆ ಅವನ ಅರ್ಥ ಏನು ಎಂದು ಮೊದಲು ಕೇಳು. ಈ ಚಟ ಮನೆಗೂ ಬಂತು. 'ಬಿಸಿ ನೀರು ಆಗೇತಿ ನೋಡು' ಎಂದರೆ 'ಬಿಸಿ ಅಂದ್ರ ಎಷ್ಟು?' ಎಂದು ಕೇಳುವ ಮಗಳನ್ನು ಅವ್ವ ಹೇಗೆ ಸಹಿಸಿಕೊಂಡಳೋ.

ದೊಡ್ಡವ್ವನಿಗೂ ಕೇಳಿದ್ದೆ. 'ನಿನ್ನ ಹಾಡು ಯಾವೂರದು ದೊಡ್ಡವ್ವಾ?'

'ನಮ್ಮೂರದು. ಮತ್ತ್ಯಾವೂರದು?'

'ನಿಮ್ಮೂರಾಗ ಢೋಲಕ್ ಬಾರಿಸ್ತಾರೇನು?'

'ಇಲ್ಲ. ಢೋಲಕ್ ಇಲ್ಲೀದು.'

'ಹಂಗಾರ ಅರ್ಧ ಇಲ್ಲೀದು.'

'ಏ ಹೋಗವಾ. ರೊಟ್ಟಿ ತಿನ್ನಾಕ ಬಂದಾಕಿ ಹಿಟ್ಟು ಯಾವ ಗಿರಣೀದು ಅಂತ ಕೇಳ್ತಿಯೇನು?' ಎಂದು ನಕ್ಕು ತಟ್ಟೆ ಮುಂದೆ ಸರಿಸಿದ್ದಳು.

ಹಾಡು ಹೇಗಿತ್ತು ಎಂದು ಹೇಳದೆ ಮುಂದೆ ಹೋಗಲಾಗದು. ಮಾತು ಪೂರ್ತಿ ಕನ್ನಡ, ಅದೂ ಗದಗಿನ ಕಡೆಯ ಗಟ್ಟಿ ಕನ್ನಡ. ಆದರೆ ಸಾಲಿನ ಕೊನೆ ಮುಟ್ಟುತ್ತಲೇ ಅವಳ ದನಿ ನೇರವಾಗಿ ನಿಲ್ಲುತ್ತಿರಲಿಲ್ಲ. ಶ್ರಾವಣದಲ್ಲಿ ಇಲ್ಲಿನ ಹೆಂಗಸರು ಉಯ್ಯಾಲೆಯ ಮೇಲೆ ಕೂತು ಹಾಡುವಾಗ ಜೀಕುತ್ತಾರಲ್ಲ, ಹಾಗೆ ಜೀಕಿ, ಇನ್ನೇನು ಇಳಿಯಿತು ಎನ್ನುವಾಗ ಮತ್ತೊಮ್ಮೆ ಮೇಲೆ ಹೋಗಿ ಬರುತ್ತಿತ್ತು. ಪಕ್ಕದ ಮನೆಯ ಹಾಲಿನವಳು ಢೋಲಕ್ಕಿನ ಮೇಲೆ ಚಮಚೆಯಿಂದ ಟಕಟಕ ಕುಟ್ಟುತ್ತಿದ್ದಳು. ಅವಳಿಗೆ ಕನ್ನಡ ಒಂದಕ್ಷರ ಬಾರದು. ಆದರೂ ದೊಡ್ಡವ್ವನ ಉಸಿರು ಎಲ್ಲಿ ಮುಗಿಯುತ್ತದೆ ಎಂದು ಅವಳಷ್ಟು ತಿಳಿದವರು ಬೇರೆ ಇರಲಿಲ್ಲ. ಇಬ್ಬರೂ ಒಂದೇ ನಲ್ಲಿಗೆ ಕೊಡ ಹಿಡಿದು ಮುದುಕಿಯರಾಗುತ್ತಿದ್ದವರು. ಶಿವಾಲದಿಂದ ನಮ್ಮ ಕ್ವಾರ್ಟರ್ಸಿನವರೆಗೆ ಕನ್ನಡದ ಮನೆಗಳಲ್ಲಿ ಏನೇ ನಡೆಯಲಿ, ಹೆಸರಿಡುವುದು, ಸೀಮಂತ, ಮದುವೆ, ಇವರಿಬ್ಬರು ಬರಲೇಬೇಕು. ಹಿಂದೆ ದನಿಗೂಡಿಸಲು ಅರ್ಚಕರ ಹೆಂಡತಿ, ಒಬ್ಬ ಡಾಕ್ಟರ ಹೆಂಡತಿ, ನಮ್ಮ ಅವ್ವ. ಅಷ್ಟೇ ಆ ಮೇಳ.

ಮದುವೆಯಲ್ಲಿ ಅವಳ ಹೆಚ್ಚುಗಾರಿಕೆ ಬೀಗರ ಹಾಡು. ನಮ್ಮ ಕಡೆಯೂ ಬೀಗರನ್ನು ಹಾಡಿನಲ್ಲಿ ಕೆಣಕುತ್ತಾರೆ, ಗೊತ್ತಿದ್ದದ್ದೇ: ಬೀಗರು ತಿಂಡಿಪೋತರು, ಬೀಗತಿ ಸಿಂಗಾರಗಿತ್ತಿ, ಇಂಥವು. ಕಾಶಿಯಲ್ಲಿ ಇದು ಇನ್ನೂ ಖಾರ. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಮರೆಯಲ್ಲಿ ಕೂತು ಅವರನ್ನು ಹೆಸರು ಹಿಡಿದು ಬಯ್ದು ಹಾಡುತ್ತಾರೆ. ಬೈಗುಳಕ್ಕೆ ಅಂಕೆ ಎಂಬುದಿಲ್ಲ. ಬಯ್ಯಿಸಿಕೊಳ್ಳುವುದು ಮರ್ಯಾದೆ, ಬಯ್ಯದಿದ್ದರೆ ಬೀಗರಿಗೆ ಸಿಟ್ಟು. ಹಾಡು ಮಂದವಾಯಿತು ಎನಿಸಿದರೆ ವರನ ತಂದೆ ಮುನಿಸು ನಟಿಸಿ ತುತ್ತು ನಿಲ್ಲಿಸುತ್ತಾನೆ. ಕೈ ನಿಂತಿತೆಂದರೆ, ಇನ್ನೂ ಖಾರದ್ದು ಬರಲಿ ಎಂದು ಅರ್ಥ. ಇದನ್ನು ನಾನು ಗಲ್ಲಿಯ ಮದುವೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ದೊಡ್ಡವ್ವ ನನಗಿಂತ ಹೆಚ್ಚು ನೋಡಿದ್ದಳು.

ಅಕ್ಕನಿಗೆ ಹುಬ್ಬಳ್ಳಿಯ ಗಂಡು ಗೊತ್ತಾಯಿತು. ಮದುವೆ ಕಾಶಿಯಲ್ಲೇ ಆಗಲಿ, ಹಿರಿಯರಿಗೆ ಗಂಗಾಸ್ನಾನವೂ ಆದೀತು ಎಂದು ಬೀಗರೇ ಹೇಳಿದರು. ದೊಡ್ಡವ್ವನಿಗೆ ಇದರಲ್ಲಿ ಬೇರೆಯದೇ ಒಂದು ಸಂತೋಷವಿತ್ತು. ಮದುಮಗಳ ಜೊತೆ ತವರಿನ ಕಡೆಯ ಹಿರಿಯಳೊಬ್ಬಳು ಹೋಗಿ ಕೆಲವು ದಿನ ಇದ್ದು ಬರುವುದು ನಮ್ಮಲ್ಲಿ ರೂಢಿ. ಅವಳೇ ಹೋಗುವುದೆಂದು ನಿಶ್ಚಯವಾಯಿತು. ಕಾಶಿಗೆ ಬಂದ ಮೇಲೆ ಅವಳು ತನ್ನ ಊರು ನೋಡಿರಲಿಲ್ಲ. ತವರಿನಲ್ಲಿ ಕರೆಯುವವರು ಉಳಿದಿರಲಿಲ್ಲ. ಕರೆಯದೆ ಹೋಗುವ ಜಾಯಮಾನ ಅವಳದಲ್ಲ. ಈಗ ಹುಬ್ಬಳ್ಳಿಯವರೆಗೆ ಹೋದರೆ ಗದಗ ಎಷ್ಟು ದೂರ? ತನ್ನ ಓಣಿಯಲ್ಲಿ, ತನ್ನವರ ನಡುವೆ ಕೂತು ಒಂದು ಸಲ ಹಾಡಿ ಬರಬೇಕು. ಅದಿಷ್ಟೇ ಆಕೆಗೆ ಬೇಕಿದ್ದದ್ದು. ನನಗೆ ನೂರು ಸಲ ಹೇಳಿದ್ದಳು.

'ಆ ಓಣ್ಯಾಗ ನಿನಗ ಗುರ್ತಿದ್ದವರು ಯಾರ ಉಳದಾರ?' ಎಂದು ಕೇಳಿದೆ.

'ಗುರ್ತು ಹಿಡಿಲಿಕ್ಕೆ ಮಾರಿ ಯಾಕ ಬೇಕು? ನಾ ಬಾಯಿ ತೆಗೆದ್ರ ಸಾಕು, ಯಾರ ಮಗಳು ಅಂತ ತಿಳೀತದ.'

ಸೋನಾರ್‌ಪುರದ ಪೇಟೆಗೆ ಹೋಗಿ ಆ ಓಣಿಯ ಹೆಣ್ಣುಮಕ್ಕಳಿಗೆಂದು ಬಳೆ ತಂದಳು. ಮದುವೆಗೆ ಎಷ್ಟೋ ಮುಂಚೆಯೇ ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟಳು. ಅದನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಹಾಲಿನವಳು ದಿನವೂ ಅದಕ್ಕೆ ಎಡವಿ ದಿನವೂ ಬಯ್ಯುತ್ತಿದ್ದಳು.

ಮದುವೆ ಶಿವಾಲದ ಒಂದು ಧರ್ಮಶಾಲೆಯಲ್ಲಿ ನಡೆಯಿತು. ಮುಹೂರ್ತ ಬೆಳಿಗ್ಗೆಯೇ ಮುಗಿದಿತ್ತು. ಊಟಕ್ಕೆ ಅಂಗಳದಲ್ಲಿ ಪತ್ರಾವಳಿ ಹಾಕಿದರು. ಗೋಧಿ ಹುಗ್ಗಿ, ಎಣ್ಣೆಗಾಯಿ ಬದನೆ, ಜೊತೆಗೆ ಇಲ್ಲಿಯ ಬಾಣಸಿಗರು ಕೇಳದೆ ಮಾಡಿಬಿಟ್ಟಿದ್ದ ಕಚೋರಿ. ಗಂಡಸರ ಸಾಲಿನ ತುದಿಯಲ್ಲಿ ವರನ ತಂದೆ, ಪಕ್ಕದಲ್ಲಿ ವರನ ಸೋದರಮಾವ. ಈ ಸೋದರಮಾವ ಹಾರ್ಮೋನಿಯಂ ಬಾರಿಸುವವರು, ಅವರ ಕಡೆಯ ಹಾಡಿನ ಕೂಟಗಳಲ್ಲೆಲ್ಲ ಮುಂದೆ ಕೂರುವವರು ಎಂದು ಮೊದಲೇ ಕೇಳಿದ್ದೆವು. ಪಡಸಾಲೆಗೆ ಅಡ್ಡ ಕಟ್ಟಿದ್ದ ಹಳೆಯ ಸೀರೆಯ ಹಿಂದೆ ದೊಡ್ಡವ್ವ ಮತ್ತು ಅವಳ ಮೇಳ. ನಾನು ತುಪ್ಪದ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ಹಾಗಾಗಿ ಎರಡೂ ಕಡೆ ಕಾಣುತ್ತಿತ್ತು.

ಮೊದಲ ಹಾಡು ಹೀಗಿತ್ತು:

ಬಿಸಿಲಾಗ ಬಂದಾರ ಬೀಗರು, ಬಂದು
ಗಂಗೀಯ ನೀರೆಲ್ಲ ಕುಡದಾರ
ದೋಣ್ಯಾಗ ಕೂತವರು ನಡಕೋತ ಹೋದಾರ

ಬೀಗರು ನಕ್ಕರು. ವರನ ತಂದೆ ನನ್ನನ್ನು ಕರೆದು, 'ನೀರು ತರಬ್ಯಾಡವಾ, ದೋಣಿ ನಿಂತಾವಂತ' ಎಂದರು. ಸೋದರಮಾವ ಮಾತ್ರ ನಗದೆ, ತಲೆ ಓರೆ ಮಾಡಿ, ಆ ಕೊನೆಯ ಜೀಕನ್ನು ಕೇಳಿಸಿಕೊಂಡರು. ಸೀರೆಯ ಹಿಂದಿನಿಂದ ಹಾಲಿನವಳ ದನಿ: 'ಔರ್ ಗಾವಾ ಬಹಿನೀ, ಔರ್!' ಇನ್ನೂ ಹಾಡು ಅಕ್ಕಾ, ಇನ್ನೂ.

ಎರಡನೆಯದು:

ಬೀಗತಿ ಕೂತಾಳ ಕಿಟಿಕೀಯ ಕಡಿಗೆ
ಟೀಸಿ ಬಂದರ ಸರದಾಳ ಬದಿಗೆ
ಟಿಕೀಟು ಕೇಳಿದರ ನಗತಾಳ

ವರನ ತಂದೆಯ ಕೈ ನಿಂತಿತು. ಹುಗ್ಗಿಯ ತುತ್ತು ಎಲೆಯಿಂದ ಮೇಲೆ ಬಂದಿತ್ತು, ಬಾಯಿಗೆ ಹೋಗಿರಲಿಲ್ಲ. ಅದು ಸಿಟ್ಟು ಎಂದು ನನಗೆ ಅರ್ಥವಾಯಿತು, ಏಕೆಂದರೆ ನಾನು ಅವರ ಮುಖ ನೋಡುತ್ತಿದ್ದೆ. ದೊಡ್ಡವ್ವನಿಗೆ ಸೀರೆಯ ಸಂದಿಯಿಂದ ಕಾಣುತ್ತಿದ್ದದ್ದು ಕೈ ಮಾತ್ರ. ಕೈ ನಿಂತಿದೆ! ಇಷ್ಟು ವರ್ಷಗಳಲ್ಲಿ ಕನ್ನಡದ ಬೀಗರೊಬ್ಬರೂ ಅವಳ ಹಾಡಿಗೆ ಹೀಗೆ ಕೈ ನಿಲ್ಲಿಸಿ ಕೇಳಿರಲಿಲ್ಲ. ಅವಳ ದನಿಯಲ್ಲಿ ಉಕ್ಕಿದ ಆ ಹುರುಪು ನನಗೆ ಈಗಲೂ ಕೇಳಿಸುತ್ತದೆ. ಅವ್ವ ಏನೋ ಪಿಸುಗುಟ್ಟಿದ್ದು ಢೋಲಕ್ಕಿನ ಸದ್ದಿನಲ್ಲಿ ಮುಳುಗಿತು. ಹಾಲಿನವಳೂ ನಿಂತ ಕೈಯನ್ನು ಕಂಡು ಬಡಿತವನ್ನು ಎರಡರಷ್ಟು ಮಾಡಿದ್ದಳು. ದೊಡ್ಡವ್ವ ವರನ ತಂದೆಯ ಹೆಸರು ಹಿಡಿದು ಎತ್ತಿದಳು. ಹೆಸರನ್ನು ನಾನಿಲ್ಲಿ ಬಿಡುತ್ತೇನೆ.

ಮಗ ಯಾರ ಹಂಗ ಅದಾನ, ಹೇಳ್ರೀ ಬೀಗರ
ಮೂಗು ನಿಮದಲ್ಲ, ನಗಿಯು ನಿಮದಲ್ಲ
ಟೀಸೀಯ ಟೊಪಿಗಿ ತಲಿಮ್ಯಾಲ

ತುತ್ತು ಎಲೆಗೆ ಬಿತ್ತು. ವರನ ತಂದೆ ಎದ್ದರು. ಅವರು ಎದ್ದದ್ದಕ್ಕೆ ಸಾಲೆಲ್ಲ ಎದ್ದಿತು. ಅಡ್ಡ ಕಟ್ಟಿದ್ದ ಸೀರೆಯ ಹಿಂದೆ ಇನ್ನೊಂದು ಸುತ್ತು ಟಕಟಕ ಕೇಳಿಸಿ ಆಮೇಲೆ ನಿಂತಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಅಪ್ಪ ಎಲ್ಲರೆದುರು ಕೈಮುಗಿದರು. ಇದು ಇಲ್ಲಿಯ ಪದ್ಧತಿ, ಕೈ ನಿಲ್ಲಿಸಿದರೆ ಇಲ್ಲಿ ಬೇರೆ ಅರ್ಥ ಎಂದು ವಿವರಿಸಿದರು. 'ಇಲ್ಲಿಯ ಪದ್ಧತಿ ಇಲ್ಲಿಯವರಿಗೆ ಮಾಡ್ರಿ, ನಾವು ಇಲ್ಲಿಯವರೇನು?' ಎಂದು ವರನ ತಂದೆ ಮುಖ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ. ಸೋದರಮಾವ ಕೈತೊಳೆದು ಬರುತ್ತಿದ್ದಾಗ ಎದುರು ನಿಂತೆ.

'ನಮ್ಮ ಕಡೇನೂ ಬೀಗರ ಹಾಡು ಅದಾವಲ್ರಿ ಮಾವಾರ?'

'ಅದಾವು. ಆದ್ರ ಇದು ನಮ್ಮದಲ್ಲ ತಂಗಿ. ಇದು ಕಾಶಿ ಓಣೀದು.'

'ಮಾತು ಯಾವ ಭಾಷಾದ್ದು?'

'ಕನ್ನಡ.'

'ಹಾಡಿದಾಕಿ ಯಾವ ಕಡಿಯಾಕಿ?'

'ಗದಗಿನಾಕಿ ಅಂದ್ರಲ್ಲ.'

'ಮತ್ತ ಕಾಶೀದು ಹೆಂಗಾತು?'

ಅವರು ಸಿಟ್ಟಿನಲ್ಲೂ ಸ್ವಲ್ಪ ಹೊತ್ತು ಯೋಚಿಸಿದರು. ಅದಕ್ಕಾಗಿ ಅವರನ್ನು ನಾನು ಮೆಚ್ಚಿದೆ. 'ಹಾಡು ಅಂದ್ರ ಮಾತಲ್ಲ. ಧಾಟಿ. ಬೀಗರ ಹಾಡಿಗೆ ನಮ್ಮಲ್ಲಿ ಒಂದು ನಡಿಗಿ ಅದ. ಹೆಂಗಸರು ಜ್ವಾಳ ಬೀಸಿಕೋತ ಕಟ್ಟಿದ ನಡಿಗಿ, ಗಟ್ಟಿ ಕಾಲು ಊರಿ ನಡೀತದ. ನಿಮ್ಮಾಕಿ ಜೋಕಾಲಿ ಆಡ್ತಾಳ. ಮಾತು ನಮ್ಮದು, ಮೈ ಬ್ಯಾರೇದು.'

'ನಿಮ್ಮ ಹಾರ್ಮೋನಿಯಂ ಯಾವೂರದ್ರಿ? ಅದು ಬಂದ ಮ್ಯಾಲೆ ನಿಮ್ಮ ಹಾಡಿನ ಮೈ ಬ್ಯಾರೆ ಆಗಲಿಲ್ಲೇನು?'

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸ್ಪರ್ಧೆಯಾಗಿದ್ದರೆ ಅಲ್ಲಿಗೆ ನನ್ನ ಕಡೆ ಚಪ್ಪಾಳೆ ಬೀಳುತ್ತಿತ್ತು. ಅವರು ಧೋತರದ ತುದಿಯಲ್ಲಿ ಕೈ ಒರೆಸಿಕೊಂಡು, ಮೆಲ್ಲಗೆ, 'ನಿನಗ ಮಾತು ಬರ್ತದ, ಖರೆ. ಆದ್ರ ಹಾಡಿದ್ದು ನಮ್ಮಕ್ಕನ ಮ್ಯಾಲೆ' ಎಂದು ಹೋದರು. ಬೀಗತಿ ಅವರಿಗೆ ಅಕ್ಕ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಆ ಬೀಗತಿ ಹೆಂಗಸರ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಏನನ್ನಿಸಿತು ಎಂದು ಅವರ ಗಂಡನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ, ಇಷ್ಟೆಲ್ಲ ಪ್ರಶ್ನೆ ಕೇಳುವ ನಾನೂ ಕೇಳಲಿಲ್ಲ.

ಸಂಜೆಯೊಳಗೆ ಹಿರಿಯರು ಸಮಾಧಾನಕ್ಕೆ ಬಂದರು. ಹುಡುಗಿಯ ಮೇಲೆ ಯಾವ ಸಿಟ್ಟೂ ಇಲ್ಲ, ನಡೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದೇ ಮಾತು: ಮದುಮಗಳ ಜೊತೆ ಆ ಹೆಂಗಸು ಬರಬಾರದು.

ಇದನ್ನು ದೊಡ್ಡವ್ವನಿಗೆ ತಿಳಿಸಿದವಳು ಅವ್ವ. ನಾನು ಜೊತೆಗಿದ್ದೆ. ದೊಡ್ಡವ್ವ ಟ್ರಂಕಿನ ಮೇಲೇ ಕೂತಿದ್ದಳು.

'ನಾ ಹೋಗೂದಿಲ್ಲೇನು ಹಂಗಾರ?'

'ಈಗ ಬ್ಯಾಡಕ್ಕ. ಮುಂದ ನೋಡೂಣು.'

'ಕೈ ನಿಲ್ಲಿಸಿದ್ರಲ್ಲ,' ಎಂದಳು. 'ನಾ ನೋಡಿದ್ನೆ. ಕೈ ನಿಂತಿತ್ತು.'

'ಅವರಲ್ಲಿ ಅದಕ್ಕ ಬ್ಯಾರೆ ಅರ್ಥ.'

'ಅವರಲ್ಲಿ ಅಂದ್ರ? ನಮ್ಮಲ್ಲಿ ಅಲ್ಲೇನು?'

ದೊಡ್ಡವ್ವ ಎದ್ದು ಟ್ರಂಕಿನ ಬೀಗ ತೆಗೆದು ಬಳೆಗಳ ಪೊಟ್ಟಣ ಹೊರತೆಗೆದಳು. 'ಹುಡುಗಿ ಕೈಯಾಗ ಕೊಡು. ಯಾವಾಗರ ಆ ಕಡೆ ಹೋದ್ರ, ಓಣ್ಯಾಗ ಯಾರ ಇರ್ತಾರೋ ಅವರಿಗೆ ಹಂಚಲಿ. ನನ್ನ ಹೆಸರು ಹೇಳೂದೇನೂ ಬ್ಯಾಡ.'

ಹೊರಗೆ ಗಲ್ಲಿಯಲ್ಲಿ ಹಾಲಿನವಳು ನನ್ನನ್ನು ಹಿಡಿದು ನಿಲ್ಲಿಸಿದಳು. ಹುಬ್ಬಳ್ಳಿಯವರು ಅದು ಕಾಶಿಯ ಹಾಡು ಎಂದು ಸಿಟ್ಟಾಗಿದ್ದಾರೆ ಎಂದು ಹೇಳಿದೆ. ಅವಳಿಗೆ ನಂಬಲಾಗಲಿಲ್ಲ. 'ಈ ಹಮನ ಕ ಗೀತ್ ಥೋಡೇ ಹೌ, ಬಿಟಿಯಾ! ಈ ತ ತೋಹ ಲೋಗನ ಕ ಹೌ' ಎಂದಳು. ಇದು ನಮ್ಮ ಹಾಡಲ್ಲ, ನಿಮ್ಮ ಜನರದ್ದು. ಇಷ್ಟು ವರ್ಷ ಬಾರಿಸಿದ್ದೇನೆ, ಒಂದು ಮಾತೂ ತಿಳಿದಿಲ್ಲ, ನಮ್ಮದಾಗಿದ್ದರೆ ತಿಳಿಯುತ್ತಿರಲಿಲ್ಲವೇ? ಅದೂ ಒಪ್ಪಬೇಕಾದ ವಾದವೇ.

ಆಮೇಲೆ ದೊಡ್ಡವ್ವ ಹಾಡಲಿಲ್ಲ. ಒಂದೇ ಸಲಕ್ಕೆ ಬಿಟ್ಟದ್ದಲ್ಲ, ಬಿಡುತ್ತೇನೆಂದು ಹೇಳಿದ್ದೂ ಅಲ್ಲ. ಅರ್ಚಕರ ಮನೆಯಲ್ಲಿ ಮೊಮ್ಮಗನಿಗೆ ಹೆಸರಿಡುವಾಗ ಎತ್ತಿದಳು. ಮೊದಲ ಸಾಲಿನ ಕೊನೆಗೆ ಬಂದು ತಡೆದು, 'ಜೋಕಾಲಿ ಹಂಗ ಎಳದ್ನಾ ಈಗ?' ಎಂದು ಅವ್ವನ ಕಡೆ ನೋಡಿದಳು. 'ಇಲ್ಲ, ಹಾಡು' ಎಂದಳು ಅವ್ವ. ಮತ್ತೆ ಎತ್ತಿದಳು, ಮತ್ತೆ ಅದೇ ಜಾಗದಲ್ಲಿ ತಡೆದಳು. ಢೋಲಕ್ ಕಾಯುತ್ತಿತ್ತು. ಗಂಟಲು ಸರಿಯಿಲ್ಲ ಎಂದು ಎದ್ದುಬಿಟ್ಟಳು. ಮುಂದಿನ ಸಲ ಕರೆದಾಗ ಮಂಡಿನೋವು. ಅದರ ಮುಂದಿನ ಸಲ ಕರೆಯಲೇ ಇಲ್ಲ. ಹಾಲಿನವಳು ತನ್ನ ಜಾತಿಯ ಮದುವೆಗಳಿಗೆ ಢೋಲಕ್ ಹಿಡಿದು ಹೋಗುವಾಗ ಬಾಗಿಲಲ್ಲಿ ನಿಂತು, 'ಚಲಾ ನ ಬಹಿನೀ' ಎಂದು ಕರೆಯುವಳು. 'ನೀ ಹೋಗಿ ಬಾ,' ಎಂದು ದೊಡ್ಡವ್ವ ಕನ್ನಡದಲ್ಲೇ ಹೇಳುವಳು. ಆ ಮಾತು ಮಾತ್ರ ಅವಳಿಗೆ ತಿಳಿಯುತ್ತಿತ್ತು.

ನಾನು ಹೋದಾಗಲೆಲ್ಲ ವಾದ ಹೂಡಿದೆ. ಊರು ಅಂದರೆ ಏನು? ನೀನು ಎಲ್ಲಿ ಉಸಿರಾಡಿದೆಯೋ ಅದು. ಗದಗಿನಲ್ಲಿ ನೀನು ಎಷ್ಟು ವರ್ಷ ಇದ್ದೆ, ಇಲ್ಲಿ ಎಷ್ಟು ವರ್ಷ ಇದ್ದೆ? ಶಿವಾಲದ ಕನ್ನಡದವರ ಹಾಡು ಹೀಗೆಯೇ ಇರಬೇಕು, ಬೇರೆ ಹೇಗಿದ್ದರೂ ಅದು ಸುಳ್ಳು. ಹುಬ್ಬಳ್ಳಿಯವರ ಧಾಟಿ ನೀನು ಹಾಡಿದರೆ ಅದು ಎರವಲು, ಇದು ನಿನ್ನ ಸ್ವಂತದ್ದು. ದೊಡ್ಡವ್ವ ಬಟಾಣಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡಳು.

'ನೀ ಹೇಳೂದು ಚಂದ ಅದ,' ಎಂದಳು. 'ಆದ್ರ ಹಾಡು ಕೇಳಿದವರು ಯಾವೂರಾಕಿ ಅಂತ ಕೇಳ್ತಾರ. ಎಲ್ಲಾರಿಗೂ ನಿನ್ನ ಈ ಭಾಷಣ ಮಾಡಲೇನು?'

ಅಕ್ಕ ಚೊಚ್ಚಲ ಬಾಣಂತನಕ್ಕೆ ಕಾಶಿಗೆ ಬಂದಳು. ಹೆಣ್ಣು ಕೂಸು. ದೊಡ್ಡವ್ವ ಶಿವಾಲದ ಕೋಣೆಗೆ ಬೀಗ ಹಾಕಿ ನಮ್ಮ ಕ್ವಾರ್ಟರ್ಸಿಗೆ ಬಂದು ನಿಂತಳು. ಎಣ್ಣೆ ಹಚ್ಚಿ ಎರೆಯುವುದು, ಧೂಪ ಹಾಕುವುದು, ಎಲ್ಲ ಅವಳದೇ. ತೊಟ್ಟಿಲು ಮಾತ್ರ ಸುಮ್ಮನೆ ತೂಗುತ್ತಿದ್ದಳು. ಹಗ್ಗದ ಕಿರುಗುಟ್ಟುವ ಸದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ.

ಒಂದು ಬೆಳಿಗ್ಗೆ ಬಿಸಿಲಿಗೆ ಕೂದಲು ಒಣಗಿಸಿಕೊಳ್ಳುತ್ತ ಕೂತಾಗ ಅವಳೇ ಮಾತು ತೆಗೆದಳು.

'ದೊಡ್ಡವ್ವಾ, ನಮ್ಮತ್ತಿ ನಿನ್ನ ಟೀಸಿ ಹಾಡು ಹಾಡ್ತಾರ.'

ದೊಡ್ಡವ್ವನ ಕೈ ತೊಟ್ಟಿಲ ಹಗ್ಗದ ಮೇಲೆ ನಿಂತಿತು. 'ಸುಳ್ಳ ಹೇಳಬ್ಯಾಡ.'

'ಖರೇನ. ರೊಟ್ಟಿ ಬಡಿಯೂವಾಗ. ಮಾವ ಮನ್ಯಾಗ ಇಲ್ಲದಾಗ. ಆವತ್ತು ಅವರು ಸೆರಗು ಬಾಯಿಗೆ ಒತ್ತಿ ಹಿಡಿದಿದ್ದು ನಗಿ ತಡಿಲಿಕ್ಕಂತ. "ನಾ ಒಬ್ಬಾಕಿ ನಕ್ಕಿದ್ರ ಎಲ್ಲಾರೂ ನಗತಿದ್ರು, ಜಗಳ ಅಲ್ಲೇ ಮುಗೀತಿತ್ತು. ಗಂಡಸರು ಎದ್ದು ನಿಂತಿದ್ರು, ನನಗ ಧೈರ್ಯ ಆಗಲಿಲ್ಲ" ಅಂತ ನನ್ನ ಮುಂದ ಅಂದ್ರು.'

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಾಗಾದರೆ ಅಂದು ಎಲ್ಲರೂ ಯಾರ ಪರವಾಗಿ ಸಿಟ್ಟಾದರೋ ಆಕೆಗೇ ಸಿಟ್ಟಿರಲಿಲ್ಲ! ದೊಡ್ಡವ್ವನನ್ನು ಊರಿಗೆ ಹೋಗದಂತೆ ಮಾಡಿದ್ದು ಇಲ್ಲದ ಒಂದು ಸಿಟ್ಟು! ದೊಡ್ಡವ್ವ ನನ್ನತ್ತ ನೋಡಲೂ ಇಲ್ಲ. ಅವಳಿಗೆ ಬೇಕಾದದ್ದು ಬೇರೆ ಇತ್ತು.

'ಹೆಂಗ ಹಾಡ್ತಾರ?' ಎಂದಳು.

'ಅದೇ ಮಾತು. ಬೀಗತಿ ಕೂತಾಳ ಕಿಟಿಕೀಯ ಕಡಿಗೆ—'

'ಮಾತಲ್ಲ. ಹೆಂಗ ಹಾಡ್ತಾರ ತೋರಿಸು.'

ಅಕ್ಕನ ದನಿ ಸಾಧಾರಣ. ಆದರೆ ದಿನವೂ ಕೇಳಿದ್ದಳಲ್ಲ, ಅತ್ತೆಯಂತೆಯೇ ಹಾಡಿದಳು. ಜೀಕು ಇರಲಿಲ್ಲ. ಸಾಲು ನೇರವಾಗಿ ನಡೆದು, ಕೊನೆಯಲ್ಲಿ ಹಿಮ್ಮಡಿ ಊರಿದಂತೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಅದೇ ಮಾತು, ಅದೇ ಟೀಸಿ, ಅದೇ ನಗು. ಸೋದರಮಾವ ಹೇಳಿದ ನಡಿಗೆ ಎಂದರೆ ಇದು ಎಂದು ನನಗೆ ಅಂದೇ ತಿಳಿದದ್ದು. ಅಲ್ಲಿಯವರೆಗೆ ನಾನು ಕೇಳದ ಸಂಗತಿಯ ಬಗ್ಗೆ ವಾದಿಸಿದ್ದೆ.

ದೊಡ್ಡವ್ವ ಇನ್ನೊಮ್ಮೆ ಹಾಡಿಸಿದಳು. ಮತ್ತೊಮ್ಮೆ. ಕೂಸು ಎಚ್ಚರವಾಗಿ ಅಳತೊಡಗಿದರೂ ಎತ್ತಿಕೊಳ್ಳಲಿಲ್ಲ.

'ನಮ್ಮವ್ವ ಹಿಂಗ ಹಾಡ್ತಿದ್ಲು,' ಎಂದಳು. 'ಬೀಸೂ ಕಲ್ಲಿನ ಮುಂದ ಕೂತು ಹಿಂಗ. ನನಗ ಮರ್ತ ಹೋಗಿತ್ತು. ನಾ ಹಾಡೂದು ನಮ್ಮವ್ವಂದ ಅಂತ ತಿಳಕೊಂಡಿದ್ನೆ.'

ಆಮೇಲೆ ತಾನೇ ಪ್ರಯತ್ನಿಸಿದಳು. ಅರ್ಚಕರ ಮನೆಯ ಆ ದಿನದ ನಂತರ ನಾವು ಅವಳ ಹಾಡುವ ದನಿ ಕೇಳಿದ್ದು ಅದೇ ಮೊದಲು. 'ಬೀಗತಿ ಕೂತಾಳ' ಎನ್ನುವವರೆಗೆ ನೆಟ್ಟಗೆ ಹೋಯಿತು. 'ಕಡಿಗೆ' ಎನ್ನುವಲ್ಲಿ ದನಿ ತಾನಾಗಿ ಮೇಲೆ ಜೀಕಿತು. ನಿಲ್ಲಿಸಿದಳು. ತೊಡೆಯ ಮೇಲೆ ಕೈಯಿಂದ ತಟ್ಟುತ್ತ ಮತ್ತೆ ಎತ್ತಿದಳು. ಮತ್ತೆ ಜೀಕಿತು. ಕಣ್ಣು ಮುಚ್ಚಿ, ಅಕ್ಕನಿಂದ ಒಂದೊಂದೇ ಶಬ್ದ ಹೇಳಿಸಿಕೊಂಡು, ಶಾಲೆಯ ಹುಡುಗಿಯ ಹಾಗೆ. ಸಾಲು ಮುಗಿಯುವಾಗ ಪ್ರತಿಸಲವೂ ಗಂಟಲು ಅವಳ ಮಾತು ಕೇಳುತ್ತಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ತಾನು ಹಾಡಿ ತೋರಿಸಬಹುದಿತ್ತೇನೋ. ಆದರೆ ಅವಳಿಗೂ ಬರುತ್ತಿದ್ದದ್ದು ದೊಡ್ಡವ್ವನಿಂದ ಕಲಿತದ್ದೇ.

ಆ ದಿನವೇ ಅಕ್ಕ ಇನ್ನೊಂದು ಮಾತು ಹೇಳಿದಳು. ಅದನ್ನು ಒಳ್ಳೆಯ ಹೊತ್ತು ನೋಡಿ ಹೇಳಬೇಕೆಂದು ಬಚ್ಚಿಟ್ಟುಕೊಂಡಿದ್ದಳಂತೆ. ತಿರುಗಿ ಬರುವಾಗ ನಿಮ್ಮ ದೊಡ್ಡವ್ವನನ್ನು ಕರೆದುಕೊಂಡೇ ಬಾ ಎಂದು ಅತ್ತೆ ಹೇಳಿ ಕಳಿಸಿದ್ದರು. ಮಾವನಿಗೂ ಕೇಳಿ ಒಪ್ಪಿಸಿದ್ದರು. ಗದಗಿಗೆ ತಾವೇ ಜೊತೆಗೆ ಬರುತ್ತಾರಂತೆ. ಅಪ್ಪ ಮರುದಿನವೇ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿ ಅವಳಿಗೂ ಸೇರಿಸಿ ಸೀಟು ಕಾದಿರಿಸಿ ಬಂದರು.

ದೊಡ್ಡವ್ವ ಹೋಗುವುದಿಲ್ಲ ಎಂದಳು.

ಮುನಿಸು ಎಂದುಕೊಂಡೆವು. ಅವ್ವ ಅತ್ತಳು. ಅಕ್ಕ ಕೂಸನ್ನು ತಂದು ಅವಳ ಮಡಿಲಲ್ಲಿ ಹಾಕಿ, 'ಇದನ್ನ ಒಬ್ಬಾಕಿನ ಕರ್ಕೊಂಡು ಹೋಗಲೇನು?' ಎಂದಳು. ನಾನು ನನ್ನ ಪಾಲಿನ ಕೆಲಸಕ್ಕೆ ಇಳಿದೆ. ನಿನ್ನನ್ನು ಬೇಡವೆಂದವರೇ ಕರೆಯುತ್ತಿದ್ದಾರೆ, ಅಂದರೆ ಅವರು ತಮ್ಮ ಮಾತು ಹಿಂದೆ ತೆಗೆದುಕೊಂಡರು. ನಿನ್ನ ಹಾಡು ಹುಬ್ಬಳ್ಳಿಯ ಅಡುಗೆಮನೆಗೆ ಹೋಗಿ ಸೇರಿದೆ, ಅಂದರೆ ಅದು ಆ ಕಡೆಯದೂ ಹೌದು ಎಂದು ಅವರೇ ಒಪ್ಪಿದ ಹಾಗೆ. ಇನ್ನು ಏನು ತಕರಾರು? ನಿನಗೆ ಬೇಕಾಗಿದ್ದದ್ದು ಇದೇ ಅಲ್ಲವೇ?

ಅವಳು ಕೂಸಿನ ಕಾಲಿಗೆ ಎಣ್ಣೆ ನೀವುತ್ತಿದ್ದಳು.

'ಅಲ್ಲಿ ಹೋದ್ರ ಹಾಡು ಅಂತಾರ.'

'ಅನ್ನಲಿ. ಹಾಡು.'

'ಹಾಡಿದ್ರ ಇದ ಬರ್ತದ. ನೀನ ಕೇಳಿದಿಯಲ್ಲ, ಎಷ್ಟ ತಿದ್ದಿದ್ರೂ ಇದ ಬರ್ತದ. ಆ ಬೀಗತಿ ನನ್ನ ಹಾಡು ತಗೊಂಡು ಹೋಗಿ ನೆಟ್ಟಗ ಮಾಡಿ ಇಟ್ಕೊಂಡಾಳ. ಅಲ್ಲಿ ಅದು ಚಂದ ನಡದದ. ನಮ್ಮವ್ವ ಹಾಡಿದಂಗ ನಡದದ. ನಾ ಹೋಗಿ ಮತ್ತ ಯಾಕ ಕೆಡಿಸಲಿ?'

'ಕೆಡಿಸೂದು ಅಂದ್ರೇನು?' ಎಂದೆ. ಕೇಳಿದ್ದು ಅಭ್ಯಾಸಬಲದಿಂದ.

'ಅದನ್ನೂ ನಾ ಹೇಳಬೇಕೇನವಾ ನಿನಗ?' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. 'ಆ ಓಣ್ಯಾಗ ನಾ ಬಾಯಿ ತೆಗೆದ್ರ, ಕಾಶಿಯಿಂದ ಯಾರೋ ಬಂದಾರ ಅಂತ ಹೊರಗ ಬರ್ತಾರ. ಯಾರ ಮಗಳು ಅಂತ ಒಬ್ಬರಿಗೂ ತಿಳಿಯೂದಿಲ್ಲ. ಇಲ್ಲೇ ಕೂತ್ರ, ಹೋಗಿದ್ರ ಗುರ್ತು ಹಿಡೀತಿದ್ರೇನೋ ಅನ್ನೂ ಆಸೆನರ ಉಳೀತದ.'

ಇದಕ್ಕೆ ನನ್ನಲ್ಲಿ ಉತ್ತರಗಳಿದ್ದವು. ಈಗಲೂ ಇವೆ. ಊರು ಎನ್ನುವುದು ನೆಲವೂ ಅಲ್ಲ, ನಾದವೂ ಅಲ್ಲ, ಕೇಳುವವರ ಕಿವಿ ಎಂದು ಒಂದು. ಯಾವ ಊರಿನ ಹಾಡೂ ಎಂದೂ ಒಂದೇ ಧಾಟಿಯಲ್ಲಿ ಇರಲಿಲ್ಲ, ಅವಳ ಅವ್ವನದೂ ಅದಕ್ಕೆ ಮೊದಲಿನವರಿಗೆ ಹೊಸದಾಗಿ ಕೇಳಿಸಿರಬೇಕು ಎಂದು ಇನ್ನೊಂದು. ಅಂದು ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು, ಎಲ್ಲೂ ಅಡ್ಡ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಕೂಸನ್ನು ಎತ್ತಿ ಅಕ್ಕನ ಕೈಗೆ ಕೊಟ್ಟು, ರಿಕ್ಷಾ ಕರೆಸಿಕೊಂಡು ಶಿವಾಲಕ್ಕೆ ಹೊರಟಳು. ಬಾಣಂತನ ಮುಗಿದಿತ್ತು, ಅವಳು ನಿಲ್ಲಬೇಕಾದ ಕಾರಣ ಇರಲಿಲ್ಲ.

ಅಕ್ಕ ಹೊರಟ ದಿನ ಸ್ಟೇಷನ್ನಿಗೂ ಅವಳು ಬರಲಿಲ್ಲ. ಗಾಡಿ ಹೋದ ಮೇಲೆ ಅಪ್ಪ ಅವ್ವ ಮನೆಗೆ ತಿರುಗಿದರು. ನಾನು ಅಲ್ಲಿಂದ ನೇರ ಶಿವಾಲಕ್ಕೆ ಹೋದೆ. ದೊಡ್ಡವ್ವ ಬಾಗಿಲಲ್ಲಿ ಮೊರದ ತುಂಬ ಬೇಳೆ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಗೋಡೆಯ ಆಚೆ ಹಾಲಿನವಳ ಮನೆಯಲ್ಲಿ ಯಾವುದೋ ಮದುವೆಗೆ ಹೆಂಗಸರು ಹಾಡು ಕೂಡಿಸುತ್ತಿದ್ದರು. ಚಮಚೆಯ ಟಕಟಕ ಕೇಳಿಸುತ್ತಿತ್ತು.

'ಹೋದ್ರಾ?' ಎಂದಳು.

'ಹೋದ್ರು.'

'ಕೂಸು ಅಳಲಿಲ್ಲಲ್ಲ?'

'ಇಲ್ಲ. ನಿನಗಂತ ತಗೊಂಡ ಸೀಟು ಖಾಲಿ ಇತ್ತು.'

ಅವಳು ಒಂದು ಕಲ್ಲು ಆರಿಸಿ ಹೊರಗೆ ಗಲ್ಲಿಗೆ ಎಸೆದಳು.

'ಛಲೋ ಆತು,' ಎಂದಳು. 'ಕೂಸಿಗೆ ಮಲಗಾಕ ಜಾಗಾ ಆತು.'